ಹೊಳೆಗೆ ಹೊಸ ನೀರು ಬಂದಾಗ

ಕೆರೆ ತುಂಬಿದ ವರ್ಷ ಹಾವೇರಿಯ ಹೆಗ್ಗೇರಿಯಲ್ಲಿ ಗಾಳಕ್ಕೆ ಬಿದ್ದ ಕಟ್ಲಾವನ್ನು ಎತ್ತಿ ಹಿಡಿದು 'ಇದು ನಮ್ಮ ಕೆರೆಯದು' ಎಂದು ಬೀಗುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಮೈ ನಮ್ಮ ಕೆರೆಯಲ್ಲಿ ಬೆಳೆದದ್ದೇ. ಕುಲ ಮಾತ್ರ ಗಂಗೆಯದು. ಕಟ್ಲಾ, ರೋಹು, ಮೃಗಾಲ ಮೂರೂ ಉತ್ತರದ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವುಗಳ ಹೊಟ್ಟೆಯಲ್ಲಿ ತತ್ತಿ ಕಟ್ಟುತ್ತದೆ, ಆದರೆ ಇಡುವುದಿಲ್ಲ. ಆದ್ದರಿಂದಲೇ ಬ್ಯಾಡಗಿ ಸೀಮೆಯ ಕೆರೆಗಳಿಗೆ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕಾಗುತ್ತದೆ. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳನ್ನು ಮರಿಮಾಡಿಸಿದರು. ಇಂದಿನ ಕೆರೆ ಮೀನುಗಾರಿಕೆ ನಿಂತಿರುವುದು ಆ ಸೂಜಿಮದ್ದಿನ ಮೇಲೆ.

ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಮರಿಮಾಡುವ ಮೀನು ಬೇಕೆಂದರೆ ಕೊರವ ಇದೆ. ಜೊಂಡಿನ ನಡುವೆ ತತ್ತಿಯಿಟ್ಟು, ತಂದೆ ತಾಯಿ ಎರಡೂ ಮರಿ ಕಾಯುತ್ತವೆ. ಮರಿಗಳ ಹಿಂಡು ಕಂಡಲ್ಲಿ ಗಾಳ ಹಾಕುವವರನ್ನು ನಾನು ಗಾಳಗಾರರೆಂದು ಕರೆಯುವುದಿಲ್ಲ.

ಹೊಳೆಯ ಮೀನಿನ ಕಥೆಯೇ ಬೇರೆ. ಕೆಮ್ಮೀನು, ಹರಗಿ ತುಂಗಭದ್ರೆಯ ಮನೆಮಕ್ಕಳು. ತತ್ತಿಯಿಡಲು ಹೊಳೆಯೇರುವ ಹೊತ್ತು ಎಲ್ಲ ಮೀನಿಗೂ ಒಂದೇ ಅಲ್ಲ. ಅಮೆರಿಕದ ಬುಲ್ ಟ್ರೌಟ್ ಎಂಬ ಮೀನು ಮಳೆಗಾಲಕ್ಕೆ ಕಾಯುವುದಿಲ್ಲ. ಚಳಿ ಹತ್ತಿರವಾಗುವಾಗ ತಣ್ಣನೆಯ ತೊರೆ ಹುಡುಕಿ ಏರುತ್ತದೆ. ನಮ್ಮ ಗೆಂಡೆಗಳಿಗೆ ಮುಂಗಾರಿನ ಕೆಂಪು ನೀರೇ ಕರೆಯೋಲೆ. ಮಲೆನಾಡಿನವರು 'ಹತ್ತುಮೀನು' ಎನ್ನುವುದು ಈ ಏರಾಟವನ್ನೇ. ಹೊಳೆ ದಡ ಮೀರಿ ಹರಡಿದಾಗ ಅಂಚಿನ ತೆಳುನೀರಿನಲ್ಲಿ ತತ್ತಿ ಬೀಳುತ್ತದೆ. ಕಿಲೋ ತೂಕದ ರೋಹು ಸುಮಾರು ಎರಡು ಲಕ್ಷ ತತ್ತಿ ಇಡುತ್ತದೆ, ಅವು ಒಡೆಯಲು ಒಂದು ದಿನವೂ ಬೇಡ. ಅದರಲ್ಲಿ ಉಳಿದು ದೊಡ್ಡದಾಗುವುದು ಬೆರಳೆಣಿಕೆಯಷ್ಟು.

ಈ ಹಾದಿಯಲ್ಲಿ ಕೂಡುಹೊಳೆಗಳಿಗೆ ವಿಶೇಷ ಬೆಲೆ. ಕುಮುದ್ವತಿ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಬಳಿ, ವರದೆ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತವೆ. ಮೇಲೇರುವ ಮೀನಿಗೆ ಇವು ಕವಲುದಾರಿಗಳು. ಆದರೆ ಕೆಳಗಡೆ ಹೊಸಪೇಟೆಯಲ್ಲಿ 1953ರಿಂದ ಅಣೆಕಟ್ಟು ನಿಂತಿದೆ, ನಡುವೆ ಹಮ್ಮಿಗಿಯ ಬ್ಯಾರೇಜ್ ಬಂದಿದೆ. ಹುಲ್ಲು ಪಾಚಿ ಮೇಯುವ ಹರಗಿ ಒಂದು ಕಾಲಕ್ಕೆ ತುಂಗಭದ್ರಾ ಹಿನ್ನೀರಿನಲ್ಲಿ ಹೇರಳವಾಗಿತ್ತು. ಆಮೇಲೆ ಅದು ಎಷ್ಟು ಅಪರೂಪವಾಯಿತೆಂದರೆ ಬೆಂಗಳೂರಿನ ಹೆಸರಘಟ್ಟದ ಸಂಶೋಧಕರು ಅದನ್ನೂ ಕೊಳದಲ್ಲಿ ಮರಿಮಾಡಿಸುವ ವಿದ್ಯೆ ಹುಡುಕಬೇಕಾಯಿತು. ಒಳ್ಳೆಯ ಕೆಲಸವೇ, ಆದರೆ ಕೊಳದ ಮರಿ ತುಂಬುಹೊಳೆಯ ಬದಲಿಯಲ್ಲ.

ಅಣೆಕಟ್ಟನ್ನು ನಾವು ಸರಿಸಲಾರೆವು, ಬಲೆಯನ್ನು ಸರಿಸಬಹುದು. ಮೊದಲ ನೆರೆಯಲ್ಲಿ ಕೂಡುಹೊಳೆಯ ಬಾಯಿಗೆ ಅಡ್ಡಬಲೆ ಕಟ್ಟಿದರೆ ಸಿಗುವುದು ತತ್ತಿ ತುಂಬಿದ ಹೆಣ್ಣುಮೀನುಗಳೇ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗಿಳಿಯುವುದಿಲ್ಲ. ಅಷ್ಟೇ ಬಿಡುವನ್ನು ಮುದೇನೂರು, ಗಳಗನಾಥಗಳಲ್ಲಿ ನಾವಾಗಿಯೇ ಕೊಡೋಣ. ಆ ಎರಡು ತಿಂಗಳು ಕೈ ತುರಿಸಿದರೆ ಕೆರೆಗಳಿಗೆ ಹೋಗಿ, ಕಟ್ಲಾ ಹಿಡಿಯಿರಿ.