ಚಾಂಗ್ ಸಿಗದೇ ಹೋಗಿದ್ದರೆ

ಮೊನ್ನೆ ಶನಿವಾರ ಚರ್ಚ್ ಸ್ಟ್ರೀಟ್‌ಗೆ ಹೋದವನು ಕಾಫಿ ಕುಡಿದು ಸುಮ್ಮನೆ ವಾಪಸ್ ಬರಬೇಕಿತ್ತು. ತಿಂಗಳ ಕೊನೆ ಬೇರೆ. ಆದರೆ ಪುಸ್ತಕದಂಗಡಿ ಕಂಡರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಅರ್ಧ ಗಂಟೆ ಬಿಟ್ಟು ಹೊರಬಂದಾಗ ಕೈಯಲ್ಲಿ ಮೂರು ಟಿನ್‌ಟಿನ್ ಇದ್ದವು: ‘ಟಿನ್‌ಟಿನ್ ಇನ್ ದ ಕಾಂಗೋ’, ‘ದ ಬ್ಲೂ ಲೋಟಸ್’, ‘ಟಿನ್‌ಟಿನ್ ಇನ್ ಟಿಬೆಟ್’. ಮನೆಯಲ್ಲಿ ಹೆಂಡತಿ ಬಿಲ್ ನೋಡಿ, "ಇವನ್ನೆಲ್ಲ ಸ್ಕೂಲಲ್ಲೇ ಓದಿ ಮುಗಿಸಿದ್ದೆ ಅಂತಿದ್ಯಲ್ಲ?" ಅಂದಳು.

ಓದಿದ್ದೆ, ನಿಜ. ಬಾಡಿಗೆ ಲೈಬ್ರರಿಯಿಂದ ತಂದು, ಮಾರನೇ ದಿನ ವಾಪಸ್ ಕೊಡೋ ಗಡಿಬಿಡಿಯಲ್ಲಿ, ಸಿಕ್ಕ ಸಿಕ್ಕ ಕ್ರಮದಲ್ಲಿ. ಕಾಂಗೋ ಮಾತ್ರ ಆಗ ಕೈಗೆ ಸಿಕ್ಕಿರಲಿಲ್ಲ. ಈ ಸಲ ಮೂರನ್ನೂ ಬರೆದ ಕ್ರಮದಲ್ಲೇ ಓದೋಣ ಅಂತ ಕೂತೆ.

ಕಾಂಗೋ ಓದುತ್ತಾ ನಾಚಿಕೆಯಾಯ್ತು. 1930ರಲ್ಲಿ ಇದನ್ನು ಶುರು ಮಾಡಿದಾಗ ಎರ್ಜೆಗೆ 23 ವರ್ಷ. ಕಾಂಗೋ ಆಗ ಬೆಲ್ಜಿಯಂನ ವಸಾಹತು. ಈತ ಅಲ್ಲಿಗೆ ಕಾಲಿಟ್ಟವನೇ ಅಲ್ಲ. ಅಲ್ಲಿನ ಜನರನ್ನು ದಪ್ಪ ತುಟಿಯ ಪೆದ್ದರ ಹಾಗೆ ಬರೆದಿದ್ದಾನೆ. ಕೊನೆಗೆ ಅವರು ಟಿನ್‌ಟಿನ್‌ನ ವಿಗ್ರಹ ಮಾಡಿ ಪೂಜೆ ಮಾಡ್ತಾರೆ, ನಾಯಿಯದ್ದೂ ಸೇರಿಸಿ! ಮೊದಲ ಆವೃತ್ತಿಯಲ್ಲಿ ಟಿನ್‌ಟಿನ್ ಶಾಲೆಗೆ ಹೋಗಿ, ಬೆಲ್ಜಿಯಂ ನಿಮ್ಮ ತಾಯ್ನಾಡು ಅಂತ ಕಾಂಗೋದ ಮಕ್ಕಳಿಗೆ ಪಾಠ ಹೇಳ್ತಾನೆ. 1946ರ ಬಣ್ಣದ ಆವೃತ್ತಿಯಲ್ಲಿ ಅದು ಲೆಕ್ಕದ ಪಾಠವಾಯ್ತು. ಪಾಠ ಬದಲಾಯ್ತು, ಮುಖಗಳು ಬದಲಾಗಲಿಲ್ಲ. ಈ ಪುಸ್ತಕದ ವಿರುದ್ಧ ಬೆಲ್ಜಿಯಂನ ಕೋರ್ಟಿಗೆ ಹೋದವರೂ ಇದ್ದಾರೆ, 2012ರಲ್ಲಿ ಕೋರ್ಟು ಆ ಬೇಡಿಕೆಯನ್ನು ತಳ್ಳಿಹಾಕಿತು. ಬ್ಯಾನ್ ಮಾಡಬಾರದು ಅಂತಲೇ ನನ್ನ ವಾದ. ಆದರೆ ‘ಆ ಕಾಲ ಹಾಗಿತ್ತು ಬಿಡಿ’ ಅನ್ನೋ ನಮ್ಮ ಅಭಿಮಾನಿಗಳ ಸಮಜಾಯಿಷಿ ಇದೆಯಲ್ಲ, ಅದನ್ನು ನಾನು ಒಪ್ಪಲಾರೆ. ಯಾಕೆ ಅನ್ನೋದಕ್ಕೆ ಎರಡನೇ ಪುಸ್ತಕವೇ ಸಾಕ್ಷಿ.

‘ಬ್ಲೂ ಲೋಟಸ್’ ಧಾರಾವಾಹಿಯಾಗಿ ಶುರುವಾಗಿದ್ದು 1934ರಲ್ಲಿ. ಕಾಂಗೋ ಕಥೆ ಮುಗಿದು ಮೂರೇ ವರ್ಷ. ಟಿನ್‌ಟಿನ್ ಚೀನಾಕ್ಕೆ ಹೋಗ್ತಾನಂತೆ ಅಂತ ಗೊತ್ತಾಗಿ, ಬೆಲ್ಜಿಯಂನಲ್ಲಿದ್ದ ಚೀನೀ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದ ಪಾದ್ರಿಯೊಬ್ಬರು, ಸ್ವಲ್ಪ ತಿಳಿದುಕೊಂಡು ಬರಿ ಮಾರಾಯ ಅನ್ನೋ ಅರ್ಥದಲ್ಲಿ ಎರ್ಜೆಗೆ ಪತ್ರ ಹಾಕಿದರು. ಹಾಗೆ ಪರಿಚಯವಾದವನು ಬ್ರಸೆಲ್ಸ್‌ನಲ್ಲಿ ಶಿಲ್ಪಕಲೆ ಕಲಿಯುತ್ತಿದ್ದ ಜಾಂಗ್ ಚೋಂಗ್‌ರೆನ್. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಪುಸ್ತಕದ ಬೀದಿಗಳಲ್ಲಿ ಕಾಣುವ ಚೀನೀ ಅಕ್ಷರಗಳು ನಿಜವಾದ ಬರಹಗಳು: ಸಾಮ್ರಾಜ್ಯಶಾಹಿಗೆ ಧಿಕ್ಕಾರ, ಜಪಾನೀ ಸರಕು ಬೇಡ! ಕಥೆಯೊಳಗೆ ಜಾಂಗ್‌ನೇ ಚಾಂಗ್ ಆದ. ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಚಾಂಗ್‌ನನ್ನು ಟಿನ್‌ಟಿನ್ ಎಳೆದು ದಡ ಸೇರಿಸ್ತಾನೆ. ಆಮೇಲೆ ಇಬ್ಬರೂ ಕೂತು, ನಿಮ್ಮವರು ನಮ್ಮ ಬಗ್ಗೆ ಏನೇನು ಕಲ್ಪಿಸಿಕೊಂಡಿದ್ದಾರೆ ಅಂತ ಹೇಳಿಕೊಂಡು ನಗ್ತಾರೆ. ಕಾಲ ಅದೇ, ಪತ್ರಿಕೆ ಅದೇ, ಕೈಯೂ ಅದೇ. ಸರಿಪಡಿಸೋಕೆ ಒಬ್ಬ ಗೆಳೆಯ ಪಕ್ಕದಲ್ಲಿದ್ದ, ಅಷ್ಟೇ.

ಅಷ್ಟೇ ಅಂದೆ, ಆದರೆ ಚಿಕ್ಕಂದಿನಲ್ಲಿ ನನ್ನ ಕಣ್ಣಿಗೆ ಬೀಳದ ಒಂದು ವಿಷಯ ಇದೆ. ಈ ಕಥೆ ಶುರುವಾಗೋದು ಚೀನಾದಲ್ಲಲ್ಲ, ನಮ್ಮ ಇಂಡಿಯಾದಲ್ಲಿ. ಗೈಪಜಾಮಾ ಅನ್ನೋ ಎಲ್ಲೂ ಇಲ್ಲದ ಸಂಸ್ಥಾನ, ಅಲ್ಲೊಬ್ಬ ಮಹಾರಾಜ, ಅರಮನೆಯಲ್ಲಿ ಚಮತ್ಕಾರ ತೋರಿಸೋ ಫಕೀರ. ಪೈಜಾಮಾ ಹೆಸರಿನ ರಾಜ್ಯ ಅಂತ ನಾನೂ ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನೋಡಿದರೆ, ಒಂದೇ ಪುಸ್ತಕದಲ್ಲಿ ಕೆಲವು ಪುಟಗಳ ಅಂತರದಲ್ಲಿ ಎರಡು ಏಷ್ಯಾ ಇವೆ. ಶಾಂಘೈನಲ್ಲಿ ನಿಜವಾದ ಬೀದಿ, ನಿಜವಾದ ಸಿಟ್ಟು. ನಮ್ಮ ಪಾಲಿಗೆ ಸರ್ಕಸ್ಸು. ಜಪಾನೀಯರ ಗತಿಯೂ ಅಷ್ಟೇ. ವಿಲನ್ ಮಿತ್ಸುಹಿರಾತೋನ ಹಲ್ಲು ನೋಡಿದರೆ ಸಾಕು. ಎರ್ಜೆಗೆ ಕಣ್ಣು ತೆರೆದದ್ದು ಒಂದು ದಿಕ್ಕಿಗೆ ಮಾತ್ರ. ಇಂಡಿಯಾದಿಂದ ಯಾವ ಚಾಂಗ್ ಕೂಡ ಅವನ ಮನೆ ಬಾಗಿಲು ತಟ್ಟಿರಲಿಲ್ಲ.

ಆದ್ದರಿಂದ ಟಿಬೆಟ್ ಪುಸ್ತಕವನ್ನು ಸ್ವಲ್ಪ ಹೆದರಿಕೊಂಡೇ ತೆರೆದೆ. 1960ರಲ್ಲಿ ಬಂದ ಪುಸ್ತಕ. ಟಿನ್‌ಟಿನ್ ಮತ್ತು ಕ್ಯಾಪ್ಟನ್ ಹ್ಯಾಡಕ್ ನೇಪಾಳಕ್ಕೆ ಹೋಗೋ ದಾರಿಯಲ್ಲಿ ದೆಹಲಿಯಲ್ಲಿ ಇಳೀತಾರೆ. ಅಲ್ಲಿ ಕುತುಬ್ ಮಿನಾರ್ ಇದೆ, ಕೆಂಪುಕೋಟೆ ಇದೆ, ದಾರಿಗೆ ಅಡ್ಡವಾಗಿ ಮಲಗಿದ ಹಸು ಇದೆ. ಅದನ್ನು ದಾಟಲು ಹೋದ ಹ್ಯಾಡಕ್‌ನನ್ನು ಹಸು ಬೆನ್ನ ಮೇಲೆ ಹೊತ್ತುಕೊಂಡೇ ಓಡುತ್ತೆ. ನಾನು ಜೋರಾಗಿ ನಕ್ಕೆ. ಬಸವನಗುಡಿಯಲ್ಲೂ ಆಗಬಹುದಾದ ಫಜೀತಿ ಅದು. ಇಲ್ಲಿ ನಗೆಪಾಟಲಾಗೋದು ಊರವರಲ್ಲ, ಊರಿಗೆ ಬಂದವನು. ಕಾಂಗೋದಿಂದ ಇಲ್ಲಿಗೆ ಎರ್ಜೆ ನಡೆದ ದೂರ ನನಗೆ ಕಂಡಿದ್ದು ಈ ಪುಟದಲ್ಲಿ.

ಕಥೆ ಇಷ್ಟೇ: ಚಾಂಗ್ ಇದ್ದ ವಿಮಾನ ಹಿಮಾಲಯದಲ್ಲಿ ಬಿದ್ದಿದೆ. ಎಲ್ಲರೂ ಸತ್ತರು ಅಂತ ಪತ್ರಿಕೆ ಹೇಳುತ್ತೆ, ಟಿನ್‌ಟಿನ್ ನಂಬಲ್ಲ. ವಿಲನ್ನೇ ಇಲ್ಲ. ಬರೀ ಹಿಮ, ಪುಟಗಟ್ಟಲೆ ಬಿಳುಪು. ಎರ್ಜೆ ಆಗ ಮದುವೆ ಮುರಿಯುವ ಹಂತದಲ್ಲಿದ್ದ, ಬಿಳಿ ಬಣ್ಣದ ಕೆಟ್ಟ ಕನಸುಗಳು ಬೀಳುತ್ತಿದ್ದವು. ನಿಜವಾದ ಜಾಂಗ್ 1935ರಲ್ಲೇ ಚೀನಾಕ್ಕೆ ಮರಳಿದ್ದ. ಅವನು ಎಲ್ಲಿದ್ದಾನೆ ಅನ್ನೋದೇ ಎರ್ಜೆಗೆ ಗೊತ್ತಿರಲಿಲ್ಲ. ಗೆಳೆಯ ಬದುಕಿದ್ದಾನೆ ಅನ್ನೋ ಟಿನ್‌ಟಿನ್‌ನ ಹಟವನ್ನು ಇದು ಗೊತ್ತಿದ್ದು ಓದಿದರೆ ಗಂಟಲು ಕಟ್ಟುತ್ತೆ. ಚಾಂಗ್‌ನನ್ನು ಸಾಕಿದ ಯೇತಿಯನ್ನೂ ಇಲ್ಲಿ ಯಾರೂ ರಾಕ್ಷಸ ಮಾಡಿಲ್ಲ. ಕೊನೆಯಲ್ಲಿ ಅದು ಒಂಟಿಯಾಗಿ ನಿಂತು ದೂರ ಹೋಗುವವರನ್ನು ನೋಡುತ್ತೆ. ನಿಜ ಜೀವನದಲ್ಲಿ ಗೆಳೆಯರಿಬ್ಬರೂ ಮತ್ತೆ ಭೇಟಿಯಾಗಿದ್ದು 1981ರಲ್ಲಿ. ಎರಡು ವರ್ಷಕ್ಕೆ ಎರ್ಜೆ ತೀರಿಕೊಂಡ.

ನೀವು ಹೊಸದಾಗಿ ಕೊಳ್ಳೋದಾದರೆ ‘ಬ್ಲೂ ಲೋಟಸ್’, ‘ಟಿಬೆಟ್’ ಎರಡನ್ನೂ ಒಟ್ಟಿಗೆ ತಗೊಂಡು ಬೆನ್ನಿಗೆ ಬೆನ್ನು ಓದಿ. ಕಾಂಗೋವನ್ನು ಮಕ್ಕಳ ಕೈಗೆ ಒಂಟಿಯಾಗಿ ಕೊಡಬೇಡಿ, ಪಕ್ಕದಲ್ಲಿ ಕೂತು ಮಾತಾಡ್ತಾ ಓದಿಸಿ. ನಾನಂತೂ ಅದನ್ನು ಶೆಲ್ಫಿನ ಹಿಂದೆ ಅಡಗಿಸಿಲ್ಲ. ಮೂರನ್ನೂ ಬರೆದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದೀನಿ.