ಹಂಸಲೇಖರ ಕೀಬೋರ್ಡು, ನಮ್ಮ ಹಲಗಿ

ಧುಪದಾಳದಂಥ ಊರುಗಳ ಕೇರಿಯಲ್ಲಿ ಏಪ್ರಿಲ್ 14 ಹತ್ತಿರ ಬಂದಾಗ ಏಳುವ ವಾದ ಇದು: ಬಾಬಾಸಾಹೇಬರ ಮೆರವಣಿಗೆಗೆ ಹಲಗಿ ಕರೆಸಬೇಕೋ, ಡಿಜೆ ತರಿಸಬೇಕೋ? ಹುಡುಗರು ಡಿಜೆ ಬೇಕು ಅಂತಾರೆ. ಚಳವಳಿ ಕಂಡ ಹಿರಿಯರು, ಅದೇನು ಸಂಗೀತವೋ, ಎದಿ ಒಡೆಯೋ ಗದ್ದಲವೋ ಅಂತಾರೆ. ಈ ಜಗಳ ನಿನ್ನೆ ಮೊನ್ನೆಯದಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗಲೂ ಕನ್ನಡದ ಕಿವಿಗಳು ಹೀಗೇ ಎರಡು ಪಾಲಾಗಿದ್ದವು. ಅದರ ಹಾಡು ಬರೆದು ಸಂಗೀತವನ್ನೂ ಮಾಡಿದ ಹಂಸಲೇಖರನ್ನು ನಮ್ಮ ವಿಮರ್ಶೆ ಮುಟ್ಟಿದ್ದು ಕಡಿಮೆ. ಮುಟ್ಟಬೇಕು. ಯಾಕಂದರೆ ನಮ್ಮ ಮಂದಿಯ ಕಿವಿಯಲ್ಲಿ ಇರೋದು ನವ್ಯಕಾವ್ಯ ಅಲ್ಲ, ಸಿನಿಮಾ ಹಾಡು.

1951ರಲ್ಲಿ ಹುಟ್ಟಿದ ಗಂಗರಾಜು 1973ರ ‘ತ್ರಿವೇಣಿ’ಗೆ ಒಂದು ಹಾಡು ಬರೆದು ಹಂಸಲೇಖ ಎನಿಸಿಕೊಂಡರು. ದೊಡ್ಡ ಅವಕಾಶ ಸಿಕ್ಕಲು ಹದಿನಾಲ್ಕು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಸಂಗೀತದ ಉತ್ಪಾದನಾ ಸಾಧನಗಳೇ ಬದಲಾಗಿದ್ದವು. ಕೀಬೋರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಪದ್ಧತಿ 1983ರಲ್ಲಿ ಬಂದಿತ್ತು. ಹಾಲ್ ತುಂಬ ಕೂತು ನುಡಿಸುತ್ತಿದ್ದ ವಾದ್ಯಮೇಳದ ಕೆಲಸವನ್ನು ಕೆಲವೇ ಜನ ಮಾಡಬಹುದಾಯಿತು. ಹಂಸಲೇಖ ಸಿಂಥಸೈಜರಿನ ದನಿಯನ್ನು, ಎಲೆಕ್ಟ್ರಾನಿಕ್ ತಾಳವನ್ನು ಕನ್ನಡದ ಬೀದಿಮಾತಿಗೆ ಕಟ್ಟಿದರು. ಚಹಾದಂಗಡಿ, ಆಟೋ, ಹಾಸ್ಟೆಲ್ಲು ಎಲ್ಲ ಕಡೆ ಆ ಕ್ಯಾಸೆಟ್ಟು ತಿರುಗಿತು. ಮುಂದೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳಾದವು.

ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಹಾಡಿನಲ್ಲಿ ಬೆಳೆದ ಕಿವಿಗಳು, ಭಾವಗೀತೆಯ ನಯ ಬಯಸುವ ಕಿವಿಗಳು ಮುನಿಸಿಕೊಂಡವು. ದೂರುಗಳು ಇವು: ಸದ್ದು ಜಾಸ್ತಿ, ಇಂಗ್ಲಿಷ್ ಬೆರಕೆ, ದ್ವಂದ್ವಾರ್ಥ. ಮೂರನೆಯದನ್ನು ನಾನು ಒಪ್ಪುತ್ತೇನೆ. ಹೆಣ್ಣಿನ ಮೈಯನ್ನು ಚಪ್ಪಾಳೆಗಾಗಿ ಮಾರುವ ಸಾಲುಗಳು ಅವರ ಲೇಖನಿಯಿಂದ ಬಂದಿವೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಅದರ ಗಾಯ ಮಾಯದ ಈ ಬೆಳಗಾವಿ ಸೀಮೆಯಲ್ಲಿ ನಿಂತು ಅವನ್ನು ಕೇಳಿ ನಗುವುದು ಸಾಧ್ಯವಿಲ್ಲ. ಬೆರಕೆ ಭಾಷೆಯ ದೂರಂತೂ ದೂರೇ ಅಲ್ಲ. ಶುದ್ಧ ಕನ್ನಡ ಯಾರ ಮನೆಯ ಕನ್ನಡ ಅನ್ನೋದು ನಮಗೆ ಗೊತ್ತು.

ಉಳಿದದ್ದು ಸದ್ದು. ಗದ್ದಲ ಅಂತ ಹೆಸರಿಡುವವರು ಯಾರು? ಹಲಗಿಯೂ ಅವರಿಗೆ ಗದ್ದಲವೇ ಆಗಿತ್ತು. ಸಾವಿಗೆ ಬೇಕು, ಡಂಗುರಕ್ಕೆ ಬೇಕು, ಜಾತ್ರೆಯಲ್ಲಿ ಪಲ್ಲಕ್ಕಿಯ ಮುಂದೆ ಬೇಕು. ಗುಡಿಯ ಬಾಗಿಲು ಬಂತೆಂದರೆ ಹಲಗಿಯೂ ಹಲಗಿಯವನೂ ಹೊರಗೇ. ಕಚೇರಿ ನಡೆಯುವ ಹಾಲಿನಲ್ಲಿ ಮೃದಂಗಕ್ಕೆ ಚರ್ಮವಿಲ್ಲವೇ? ಇದೆ. ಆದರೆ ಅದು ‘ವಾದ್ಯ’. ಇನ್ನು ಇಲ್ಲಿಯ ಮಂದಿಗೆ ಸಂಗೀತದ ರುಚಿಯೇ ಇಲ್ಲ ಅನ್ನೋ ಮಾತು ಬೇಡ. ಕುಲಗೋಡ ತಮ್ಮಣ್ಣನ ಪಾರಿಜಾತಕ್ಕೆ, ಕೌಜಲಗಿ ನಿಂಗಮ್ಮನ ದನಿಗೆ ರಾತ್ರಿಯಿಡೀ ಎಚ್ಚರ ಕೂತ ಸೀಮೆ ಇದು.

ಹೊರಗಿನ ಕಥೆಯೂ ಬೇರೆಯಲ್ಲ. 1979ರ ಜುಲೈ 12ರಂದು ಅಮೆರಿಕದ ಷಿಕಾಗೋದಲ್ಲಿ ಬೇಸ್‌ಬಾಲ್ ಮೈದಾನದ ನಡುವೆ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಆ ಸಂಗೀತವನ್ನು ಕಟ್ಟಿದವರಲ್ಲಿ ಕರಿಯರು ಬಹಳ. ಮರುವರ್ಷ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರ ಮಾಡಿತು. ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಆಗಿ ಅಗ್ಗಕ್ಕೆ ಸಿಕ್ಕ ಅದನ್ನೇ ಕರಿಯ ಹುಡುಗರು ಹಿಡಿದು ಹೊಸ ಸಂಗೀತ ಕಟ್ಟಿದರು. ಯಂತ್ರಕ್ಕೆ ಜಾತಿ ಇಲ್ಲ, ವರ್ಣ ಇಲ್ಲ. ಅದನ್ನು ಕೇಳುವ ಕಿವಿಗೆ ಇದೆ.

1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯ ಸಂಗೀತಕ್ಕೆ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ಬಂತು. ರಾಗ ಹಾಡಿಸಿದ ಮೇಲೆ ಮುನಿದಿದ್ದ ಕಿವಿಗಳೂ ತೆರೆದವು. ಮನುಷ್ಯ ಅವನೇ.

2021ರ ನವೆಂಬರಿನಲ್ಲಿ ಕೇಳುಗರು ಮತ್ತೆ ಒಡೆದರು, ಈ ಸಲ ಹಾಡಿಗಲ್ಲ, ಮಾತಿಗೆ. ಪೇಜಾವರ ಸ್ವಾಮಿಗಳು ದಲಿತರ ಮನೆಗೆ ಹೋಗುವುದೇನು ದೊಡ್ಡದು, ಅಲ್ಲಿ ಕೊಟ್ಟ ಮಾಂಸ ಉಣ್ಣಬಲ್ಲರೇ, ದಲಿತರನ್ನು ತಮ್ಮ ಮನೆಗೆ ಕರೆಯಬೇಕಲ್ಲವೇ ಎಂಬರ್ಥದ ಮಾತನ್ನು ಅವರು ಮೈಸೂರಿನ ವೇದಿಕೆಯಲ್ಲಿ ಆಡಿದರು. ಪೊಲೀಸು ದೂರು, ಠಾಣೆಯ ಮುಂದೆ ಎರಡೂ ಕಡೆಯವರ ಘೋಷಣೆ. ಮೂರೂವರೆ ದಶಕ ಅವರ ಹಾಡು ಗುನುಗಿದ ಎಷ್ಟೋ ಜನ ಒಂದು ವಾರದಲ್ಲಿ ಬಯ್ಯತೊಡಗಿದರು. ಪರವಾಗಿ ಬೀದಿಗೆ ಬಂದವರಲ್ಲಿ ದಲಿತ ಸಂಘಟನೆಗಳಿದ್ದವು. ಅವರು ಕ್ಷಮೆ ಕೇಳಿದ್ದು ನನಗೆ ಸರಿಕಾಣಲಿಲ್ಲ. ಕೇಳಿದ ಪ್ರಶ್ನೆ ಸಹಪಂಕ್ತಿಯ ಪ್ರಶ್ನೆ, ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. 2023ರಲ್ಲಿ ದಸರಾ ಉದ್ಘಾಟಿಸಲು ಸರ್ಕಾರ ಅವರನ್ನೇ ಕರೆಯಿತು, ಅದು ಬೇರೆ ಮಾತು.

ಹಂಗಂತ ಅವರ ಸಂಗೀತದ ಮೇಲಿನ ನಮ್ಮ ಲೆಕ್ಕ ಚುಕ್ತಾ ಆಗಲಿಲ್ಲ. ಇವತ್ತು ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಹಲಗಿಯ ಸದ್ದು ಬರುತ್ತದೆ. ಚರ್ಮ ಹೊರಗುಳಿಯಿತು, ಸದ್ದು ಒಳಗೆ ಹೋಯಿತು. ಸ್ಟುಡಿಯೋಕ್ಕೂ ಹೋಯಿತು, ಗುಡಿಗೂ ಹೋಯಿತು. ಆ ಪೆಟ್ಟನ್ನು ತಲೆಮಾರುಗಳಿಂದ ಕೈಯಲ್ಲಿ ಉಳಿಸಿದವನ ಹೆಸರು ಎಷ್ಟು ಕ್ಯಾಸೆಟ್ಟುಗಳ ಮೇಲೆ ಅಚ್ಚಾಯಿತು? ದೇಸಿ ಸಂಗೀತಕ್ಕೆ ಶಾಲೆ ಕಟ್ಟಿದ ಹಂಸಲೇಖರನ್ನೇ ಇದನ್ನು ಕೇಳಬೇಕು. ಉಳಿದ ಸಂಗೀತ ನಿರ್ದೇಶಕರಿಗೆ ಈ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ.

ಡಿಜೆ ಬೇಕೆನ್ನುವ ಹುಡುಗರ ಮೇಲೆ ಸಿಟ್ಟಾಗುವ ಹಿರಿಯರು ಒಂದು ನೆನಪಿಡಲಿ. ಹಲಗಿ ಅಂದರೆ ಬಿಟ್ಟಿ ಚಾಕರಿ ಇತ್ತು. ಗೌಡನ ಮನೆಯ ಹೆಣದ ಮುಂದೆ ಬಡಿಯದಿದ್ದರೆ ಬಹಿಷ್ಕಾರ ಇತ್ತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಅದೇ ತಮಟೆಯನ್ನು ಜಾಥಾದ ಮುಂದೆ ತಂದು ಅದರ ಅರ್ಥವನ್ನೇ ತಿರುಗಿಸಿದರು, ಖರೆ. ಆದರೆ ಊರೊಳಗಿನ ಬಿಟ್ಟಿ ಅಷ್ಟು ಬೇಗ ನಿಲ್ಲಲಿಲ್ಲ. ಡಿಜೆಯನ್ನು ಬಿಟ್ಟಿ ಬಾ ಅಂತ ಯಾವ ಗೌಡನೂ ಕರೆಯಲಾರ. ಮುಂಗಡ ಎಣಿಸಿಕೊಂಡೇ ಅದು ಬರುತ್ತದೆ. ಆ ದುಡ್ಡು ಪೆಟ್ಟಿಗೆಯ ಮಾಲೀಕನಿಗೆ ಹೋಗುತ್ತದೆ, ಹಲಗಿ ಬಲ್ಲ ಮುದುಕ ಕಟ್ಟೆಯ ಮೇಲೆ ಕೂತು ಮೆರವಣಿಗೆ ನೋಡುತ್ತಾನೆ. ಹಲಗಿಯೇ ಬೇಕೆಂದು ವಾದಿಸುವ ಗೆಳೆಯರು ಮುಂದಿನ ಏಪ್ರಿಲ್‌ನಲ್ಲಿ ಅವನಿಗೆ ಡಿಜೆಯಷ್ಟೇ ಕೂಲಿ ಎಣಿಸಲು ತಯಾರಿದ್ದಾರೆಯೇ? ಪಟ್ಟಿ ಎತ್ತುವ ಮೊದಲೇ ಇದು ತೀರ್ಮಾನವಾಗಲಿ.