ಅಜ್ಜನ ಕೋವಿಗೆ ಬೆಲೆ ಕಟ್ಟುವಾಗ

ಹಳೆಯ ಕೋವಿ ಕೊಳ್ಳಲು ಹೊರಟವರಲ್ಲಿ ಎರಡು ಬಗೆ. ಅಜ್ಜನ ಹತ್ತಿರ ಇದ್ದಂಥದ್ದೇ ಒಂದು ಬೇಕು ಎನ್ನುವವರು ಕೆಲವರು, ಅಜ್ಜನ ಹತ್ತಿರ ಇದ್ದದ್ದೇ ಬೇಕು ಎನ್ನುವವರು ಇನ್ನು ಕೆಲವರು. ಮೊದಲನೆಯವರಿಗೆ ಅವಸರವಿಲ್ಲ. ಒಂದು ಸರಿಬರದಿದ್ದರೆ ಇನ್ನೊಂದು ನೋಡಿದರಾಯಿತು. ಎರಡನೆಯವರಿಗೆ ಇರುವುದು ಒಂದೇ ಕೋವಿ, ಅದು ಹೇಗಿದೆಯೋ ಹಾಗೆ.

ಅಮೆರಿಕದ ಮಿನೆಸೋಟದಲ್ಲಿ ಬಹುಕಾಲದಿಂದ ನೆಲೆಸಿರುವ ವಿರಾಜಪೇಟೆ ಕಡೆಯ ಗೆಳೆಯರೊಬ್ಬರು ಈಚೆಗೆ ಫೋನ್ ಮಾಡಿದ್ದರು. ಅವರ ಪತ್ನಿ ಅಲ್ಲಿನವರೇ. ಪತ್ನಿಯ ಅಜ್ಜ ಬಾತುಕೋಳಿ ಬೇಟೆಗೆ ಒಯ್ಯುತ್ತಿದ್ದ ಬ್ರೌನಿಂಗ್ ಆಟೋ-5, ಬೆಲ್ಜಿಯಂನಲ್ಲಿ ಮಾಡಿದ 16 ಬೋರಿನ ಸೆಮಿ ಆಟೋಮ್ಯಾಟಿಕ್ ಕೋವಿ, ಈಗ ಪಕ್ಕದ ವಿಸ್ಕಾನ್ಸಿನ್‌ನ ನೆಂಟರ ಮನೆಯಲ್ಲಿದೆ. ನೆಂಟರು ಮಾರುತ್ತಿದ್ದಾರೆ. “ತಗೊಳ್ಳಲಾ ಬೇಡವಾ ಹೇಳಿ ಅಣ್ಣ” ಎಂದರು. ತಗೊಳ್ಳಿ ಎಂದೆ. ಆದರೆ ಅಪರಿಚಿತರಿಂದ ಕೊಳ್ಳುವಾಗ ಎಷ್ಟು ಪರೀಕ್ಷೆ ಮಾಡುತ್ತೀರೋ ಅಷ್ಟನ್ನೂ ಮಾಡಿ ತಗೊಳ್ಳಿ ಎಂದೂ ಹೇಳಿದೆ. ಪ್ರೀತಿಯ ಕೋವಿಯ ಕೊರತೆಗಳು ಗೊತ್ತಿರದಿದ್ದರೆ ಮೊದಲ ಈಡಿಗೇ ಅದು ಒಡೆದುಹೋಗಬಹುದು.

ಆಟೋ-5ರ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಜಾನ್ ಮೋಸೆಸ್ ಬ್ರೌನಿಂಗ್ ಇದನ್ನು ರೂಪಿಸಿದ್ದು 1898ರ ಸುಮಾರಿಗೆ. ಮಾರಾಟವಾದ ಪ್ರತಿ ಕೋವಿಗೂ ತನಗಿಷ್ಟು ಎಂದು ರಾಯಲ್ಟಿ ಕೇಳಿದಾಗ ಅವನ ಹಳೆಯ ಪಾಲುದಾರ ವಿಂಚೆಸ್ಟರ್ ಕಂಪನಿ ಒಪ್ಪಲಿಲ್ಲ. ರೆಮಿಂಗ್ಟನ್ ಕಚೇರಿಗೆ ಹೋದ. ಅವನು ಭೇಟಿಗೆ ಕಾದು ಕುಳಿತಿದ್ದಾಗಲೇ ಕಂಪನಿಯ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ. ಅದು 1902ರ ಜನವರಿ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋಗಿ ಲೀಜ್ ನಗರದ ಹತ್ತಿರದ ಎಫ್‌ಎನ್ ಕಾರ್ಖಾನೆಗೆ ಇದನ್ನು ಕೊಟ್ಟ. 1926ರಲ್ಲಿ ಅವನು ಪ್ರಾಣ ಬಿಟ್ಟದ್ದೂ ಅದೇ ಕಾರ್ಖಾನೆಯಲ್ಲಿ. 1940ರಲ್ಲಿ ಜರ್ಮನರು ಬೆಲ್ಜಿಯಂ ಹಿಡಿದಾಗ ಕೆಲವು ವರ್ಷ ರೆಮಿಂಗ್ಟನ್ನೇ ಅಮೆರಿಕದಲ್ಲಿ ಇದನ್ನು ಮಾಡಿಕೊಟ್ಟಿತು. 1970ರ ದಶಕದ ನಡುವಿನಲ್ಲಿ ತಯಾರಿಕೆ ಜಪಾನಿನ ಮಿರೋಕು ಕಂಪನಿಗೆ ಹೋಗಿ, 1990ರ ದಶಕದ ಕೊನೆಯವರೆಗೂ ನಡೆಯಿತು. ನಿಮ್ಮ ಕೈಗೆ ಬಂದದ್ದು ಈ ಮೂರು ದೇಶಗಳಲ್ಲಿ ಯಾವುದರದು ಎಂಬುದನ್ನು ನಳಿಗೆಯ ಮೇಲಿನ ಬರಹ ಓದಿ ಮೊದಲು ತಿಳಿದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ.

ಇದರ ಕೆಲಸದ ರೀತಿಯೇ ಬೇರೆ. ಈಡು ಹಾರಿದಾಗ ನಳಿಗೆ, ಬೋಲ್ಟ್ ಎರಡೂ ಒಂದಕ್ಕೊಂದು ಕಚ್ಚಿಕೊಂಡೇ ಪೂರ್ತಿ ಹಿಂದಕ್ಕೆ ಸರಿಯುತ್ತವೆ. ಆಮೇಲೆ ನಳಿಗೆ ಮಾತ್ರ ಮುಂದೆ ಹೋಗುತ್ತದೆ, ಖಾಲಿ ತೋಟಾ ಹೊರಬೀಳುತ್ತದೆ. ಕೊನೆಗೆ ಬೋಲ್ಟ್ ಮುಂದೆ ಬಂದು ಹೊಸ ತೋಟಾ ತುಂಬುತ್ತದೆ. ಇಷ್ಟೆಲ್ಲ ಒಂದು ಕ್ಷಣದೊಳಗೆ. ಹೆಗಲಿಗೆ ಒಂದರ ಹಿಂದೆ ಒಂದು ಎರಡು ಗುದ್ದು ಬಿದ್ದ ಹಾಗೆ ಅನಿಸುತ್ತದೆ. ಇಂದಿನ ಗ್ಯಾಸ್ ಕೋವಿಗಳ ಮೆತ್ತನೆಯ ಒದೆತಕ್ಕಿಂತ ಈ ಎರಡು ಗುದ್ದು ನನಗೆ ಇಷ್ಟ. ಒಳಗಿನ ಲೋಹ ಕೆಲಸ ಮಾಡುತ್ತಿರುವುದು ಮೈಗೆ ತಿಳಿಯುತ್ತದೆ.

ಇನ್ನು ಪರೀಕ್ಷೆ. ಕೋವಿ ಕೈಗೆತ್ತಿಕೊಂಡ ಕೂಡಲೇ ಬೋಲ್ಟ್ ಹಿಂದೆಳೆದು ಒಳಗೆ ತೋಟಾ ಇಲ್ಲವೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಮ್ಯಾಗಜೀನನ್ನೂ ನೋಡಿ. ಎಷ್ಟೇ ವರ್ಷ ಅಟ್ಟದ ಮೇಲಿದ್ದ ಕೋವಿಯಾದರೂ ಇದನ್ನು ಬಿಡಬೇಡಿ.

ಆಮೇಲೆ ಮ್ಯಾಗಜೀನ್ ಕೊಳವೆಯ ತುದಿಯ ತಿರುಪು ಮುಚ್ಚಳ ಬಿಚ್ಚಿ, ಎಡಗೈ ಹಿಡಿಯುವ ಮುಂದಿನ ಮರವನ್ನು ಜಾರಿಸಿ ತೆಗೆಯಿರಿ. ಈ ಕೋವಿಯ ಆರೋಗ್ಯ ಗೊತ್ತಾಗುವುದು ಇಲ್ಲಿ. ಕೊಳವೆಯ ಮೇಲೆ ದಪ್ಪ ಸ್ಪ್ರಿಂಗ್ ಇರುತ್ತದೆ, ಅದರ ಜೊತೆ ಒಂದು ಉಕ್ಕಿನ ಬಳೆ, ಒಂದು ಸೀಳಿರುವ ಕಂಚಿನ ಬಳೆ. ಕಂಚಿನ ಬಳೆ ಕೊಳವೆಯನ್ನು ಬಿಗಿಹಿಡಿದು ನಳಿಗೆಯ ಓಟಕ್ಕೆ ಬ್ರೇಕ್ ಹಾಕುತ್ತದೆ. ಭಾರಿ ತೋಟಾ ಹಾರಿಸುವಾಗ ಉಕ್ಕಿನ ಬಳೆ ಸ್ಪ್ರಿಂಗಿಗೂ ಕಂಚಿನ ಬಳೆಗೂ ನಡುವೆ ಇರಬೇಕು, ಇಳಿಜಾರು ಬದಿ ಕಂಚಿನ ಕಡೆಗೆ. ಹಗುರ ತೋಟಾಗಳಿಗಾದರೆ ಅದನ್ನು ತೆಗೆದು ಸ್ಪ್ರಿಂಗಿನ ಹಿಂದೆ, ರಿಸೀವರಿಗೆ ತಾಗುವಂತೆ ಇಡಬೇಕು. ಹಗುರ ತೋಟಾಕ್ಕೆಂದು ಜೋಡಿಸಿದ್ದನ್ನು ಮರೆತು ವರ್ಷಗಟ್ಟಲೆ ಭಾರಿ ತೋಟಾ ಹಾರಿಸಿದರೆ ನಳಿಗೆ ಹಿಂದಕ್ಕೆ ಬಡಿದೂ ಬಡಿದೂ ಮುಂದಿನ ಮರ ಸೀಳುತ್ತದೆ. ಆ ಮರದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಗಮನಿಸಿ. ಕೊಳವೆ ಎಣ್ಣೆಯಲ್ಲಿ ಮಿಂದಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಎಣ್ಣೆ ಹೆಚ್ಚಾದರೆ ಬ್ರೇಕ್ ಹಿಡಿಯುವುದಿಲ್ಲ. ಸ್ಪ್ರಿಂಗ್, ಬಳೆಗಳು ಸವೆದಿದ್ದರೆ ಗಾಬರಿ ಬೇಡ, ಹೊಸವು ಸಿಗುತ್ತವೆ.

16 ಬೋರಿನವರಿಗೆ ಒಂದು ವಿಶೇಷ ಎಚ್ಚರಿಕೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ 16 ಬೋರ್ ಆಟೋ-5ಗಳಲ್ಲಿ ಹೆಚ್ಚಿನವಕ್ಕೆ 65 ಮಿ.ಮೀ. ತೋಟಾದ ಮನೆ ಇರುತ್ತದೆ. ಇಂದು ಅಂಗಡಿಯಲ್ಲಿ ಸಿಗುವುದು 70 ಮಿ.ಮೀ. ತೋಟಾ. ಅದು ಒಳಗೆ ಕೂರುತ್ತದೆ, ಅಪಾಯ ಇರುವುದೂ ಅದರಲ್ಲೇ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ರಿಪೇರಿ ಬಲ್ಲವರಿಂದ ಅಳೆಸದೆ ಒಂದು ಈಡನ್ನೂ ಹಾರಿಸಬೇಡಿ.

1960ರ ದಶಕದ ಕೊನೆಯಿಂದ 1970ರ ಮೊದಲ ವರ್ಷಗಳವರೆಗಿನ ಬ್ರೌನಿಂಗ್ ಕೋವಿಗಳಲ್ಲಿ ಕೆಲವಕ್ಕೆ ಉಪ್ಪು ಹಾಕಿ ಒಣಗಿಸಿದ ಮರ ಸೇರಿಕೊಂಡಿದೆ. ಹೊರಗಿನಿಂದ ಸೊಗಸಾದ ಆಕ್ರೋಟ ಮರ, ಒಳಗೆ ಅದು ತಾಗಿದ ಲೋಹವೆಲ್ಲ ತುಕ್ಕು. ಹಿಂದಿನ ಮರದ ತುದಿಯ ಪಟ್ಟಿ ಬಿಚ್ಚಿ ಸ್ಕ್ರೂಗಳನ್ನು ನೋಡಿದರೆ ಗೊತ್ತಾಗುತ್ತದೆ.

ನಳಿಗೆಯ ಪಕ್ಕದಲ್ಲಿ ಚೋಕ್ ಗುರುತು ಇರುತ್ತದೆ. ಒಂದು ನಕ್ಷತ್ರ ಎಂದರೆ ಫುಲ್ ಚೋಕ್, ಎರಡು ಎಂದರೆ ಮಾಡಿಫೈಡ್. ಗುರುತು ಫುಲ್ ಎನ್ನುತ್ತಿದ್ದು ತುದಿ ಅಗಲವಾಗಿದ್ದರೆ ನಳಿಗೆಯನ್ನು ಕತ್ತರಿಸಿದ್ದಾರೆ, ಇಲ್ಲವೇ ಒಳಗೆ ಕೊರೆಸಿದ್ದಾರೆ ಎಂದು ತಿಳಿಯಿರಿ. ಸಂಗ್ರಹಕಾರರು ಇಂಥದ್ದನ್ನು ಮುಟ್ಟುವುದಿಲ್ಲ. ಅಜ್ಜನೇ ಮಾಡಿಸಿದ್ದು ಎಂದು ಗೊತ್ತಿದ್ದರೆ ನಾನು ಬಿಡುವುದಿಲ್ಲ. ರಿಸೀವರಿನ ಕೆಳಗೆ ಕೈ ಹಿಡಿದ ಜಾಗದಲ್ಲಿ ನೀಲಿ ಬಣ್ಣ ಹೋಗಿ ಬೂದು ಲೋಹ ಕಾಣುತ್ತಿರುತ್ತದಲ್ಲ, ಅದನ್ನು ಹೊಸದಾಗಿ ಪಾಲಿಶ್ ಮಾಡಿಸಿ ಅಳಿಸಬೇಡಿ. ಆ ಮನುಷ್ಯ ಕೋವಿ ಹಿಡಿದು ನಡೆದದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಬೆಲ್ಜಿಯಂ ನಳಿಗೆಗೆ ಉಕ್ಕಿನ ಚರೆ ಆಗದು. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಹಾಗಾಗಿ ಅಜ್ಜ ಹಾರಿಸಿದ ಸೀಸವನ್ನು ಮೊಮ್ಮಗಳು ಹಾರಿಸುವಂತಿಲ್ಲ, ಅಂಗಡಿಯ ಅಗ್ಗದ ಉಕ್ಕನ್ನು ಈ ನಳಿಗೆ ತಾಳುವುದಿಲ್ಲ. ಬಿಸ್ಮತ್ ಚರೆಯ ತೋಟಾ ಕೊಳ್ಳಿ. ದುಬಾರಿ ನಿಜ, ಆದರೆ ಕೋವಿಯನ್ನು ಗೋಡೆಗೆ ತೂಗುಹಾಕುವುದಕ್ಕಿಂತ ವರ್ಷಕ್ಕೆ ಒಂದೆರಡು ಬೆಳಗ್ಗೆಯಾದರೂ ಕೆರೆಯ ದಡಕ್ಕೆ ಒಯ್ಯುವುದು ಮೇಲು.

ಈ ಗೆಳೆಯರಿಗೆ ಕೋವಿಯ ಮೇಲಿನ ಮಮತೆಯನ್ನು ನಾನು ವಿವರಿಸಬೇಕಿರಲಿಲ್ಲ. ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದಿನ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ, ದೀಪದ ಮುಂದೆ ಇಡುವ ಊರಿನಿಂದ ಹೋದವರು ಅವರು. ಊರಿಗೆ ತಂದು ಆ ಸಾಲಿನಲ್ಲಿ ಇದನ್ನೂ ಇಡಬಹುದೇ ಎಂದು ಕೇಳಿದರು. ಆಗುವುದಿಲ್ಲ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೆಮಿ ಆಟೋಮ್ಯಾಟಿಕ್ ಕೋವಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ.

ಅಮೆರಿಕದ ಕಾನೂನೂ ತಿಳಿದಿರಲಿ. ಮಾರುವವರು ಒಂದು ರಾಜ್ಯ, ಕೊಳ್ಳುವವರು ಇನ್ನೊಂದು ರಾಜ್ಯವಾದರೆ, ನೆಂಟರೇ ಆಗಿದ್ದರೂ, ಕೋವಿ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಕೈ ಬದಲಾಗಬೇಕು. ಅಲ್ಲಿ 4473 ಎಂಬ ಫಾರಂ ತುಂಬಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ತೊಡಕಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಸಾಮಾನ್ಯವಾಗಿ ಕೋವಿ ಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು.

ಬೆಲೆಯ ವಿಷಯದಲ್ಲಿ ನನ್ನ ಮಾತು ಇಷ್ಟು. ಇದೇ ಮಾದರಿ, ಇದೇ ಸ್ಥಿತಿಯ ಕೋವಿಗೆ ಪೇಟೆಯಲ್ಲಿ ಎಷ್ಟಿದೆಯೆಂದು ಬಲ್ಲವರನ್ನು ಕೇಳಿ, ಅಷ್ಟನ್ನು ಚೌಕಾಸಿ ಮಾಡದೆ ಕೊಡಿ. ಅದಕ್ಕಿಂತ ಸ್ವಲ್ಪ ಹೆಚ್ಚು ಕೇಳಿದರೂ ಕೊಡಿ, ಮನೆಯ ಕೋವಿ ಒಮ್ಮೆ ಹೊರಗಿನವರ ಕೈ ಸೇರಿದರೆ ಮತ್ತೆ ಸಿಗುವುದು ಕಷ್ಟ. ರಿಸೀವರೇ ಬಿರುಕು ಬಿಟ್ಟಿದ್ದರೆ ಮಾತ್ರ ನೆನಪಿಗೆಂದು ಇಟ್ಟುಕೊಳ್ಳಿ, ಹಾರಿಸಬೇಡಿ. ಕೊಂಡ ದಿನವೇ ಸೀರಿಯಲ್ ನಂಬರು, ಅಜ್ಜನ ಹೆಸರು, ಗೊತ್ತಿದ್ದರೆ ಕೊಂಡ ಅಂಗಡಿ, ವರ್ಷ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೋವಿಯ ಪೆಟ್ಟಿಗೆಯೊಳಗೆ ಇಡಿ. ಮಿನೆಸೋಟದಲ್ಲಿ ಬಾತುಕೋಳಿ ಬೇಟೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗುತ್ತದೆ. ಅಳತೆ, ರಿಪೇರಿ, ಹೊಸ ಸ್ಪ್ರಿಂಗ್ ಎಲ್ಲವನ್ನೂ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.